ಡಾಡರ್ ನದಿಗೆ ಬಾಗಿನ

ಹತ್ತು ಗಂಟೆಗೆ ಹೊರಡಲೇಬೇಕೆಂದು ಅನಸೂಯಮ್ಮ ಅಪ್ಪಣೆ ಮಾಡಿದ್ದರು. ಡಬ್ಲಿನ್ ಹೊರವಲಯದ ಟಾಲಾದ ಬಾಡಿಗೆ ಮನೆಯಿಂದ ಎರಡೂವರೆ ಕಿಲೋಮೀಟರ್ ನಡೆದು, ಡಾಡರ್ ನದಿಯ ಹರಿಯುವ ನೀರಿಗೆ ಬಾಗಿನ ಬಿಟ್ಟು, ಸಂಜೆ ಆರರೊಳಗೆ ಮರಳಬೇಕು. ಆರಕ್ಕೆ ಆಸ್ಪತ್ರೆಯಿಂದ ಫೋನ್ ಬರುತ್ತದೆ. ಮಗಳು ಅರ್ಪಿತಾಳ ಗಂಟಲಿಗೆ ಕೊಳವೆ ಇಳಿಸಬೇಕೋ ಬೇಡವೋ ಎಂದು ಡಾಕ್ಟರು ಆಗ ಹೇಳುತ್ತಾರೆ.

ಅದು 2021ರ ಜನವರಿ. ಅಡುಗೆಮನೆಯ ಕಿಟಕಿಯಿಂದ ಆಸ್ಪತ್ರೆ ಕಾಣುತ್ತಿತ್ತು. ಹನ್ನೆರಡು ದಿನಗಳಿಂದ ಮನೆಯಲ್ಲಿದ್ದ ಮೂವರೂ ಅದನ್ನು ನೋಡುತ್ತಲೇ ಇದ್ದರು. ಕೋವಿಡ್ ಎಂದು ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ.

ತಂಡದಲ್ಲಿದ್ದವರು ಅನಸೂಯಮ್ಮ, ಅಳಿಯ ಧನುಷ್, ಮತ್ತು ಮೂವತ್ತೊಂದು ವರ್ಷ ನಾಲೆಗಳ ಮೇಲೆ ಓಡಾಡಿ ನಿವೃತ್ತರಾದ ಎಂಜಿನಿಯರ್, ಅವನ ತಂದೆ ನಂಜುಂಡಪ್ಪ. ಆರು ವಾರಕ್ಕೆಂದು ಬಂದಿದ್ದ ಬೀಗರಿಬ್ಬರು ವಿಮಾನಗಳು ನಿಂತುಹೋಗಿ ಹನ್ನೊಂದು ತಿಂಗಳಿಂದ ಒಂದೇ ಅಡುಗೆಮನೆ ಹಂಚಿಕೊಂಡಿದ್ದರು. ಅದೂ ಸಾಹಸವೇ, ಆದರೆ ಈ ಕತೆಯದಲ್ಲ.

ಬಿದಿರಿನ ಮೊರ ಎಲ್ಲೂ ಸಿಕ್ಕಿರಲಿಲ್ಲ. ಧನುಷ್ ಶೂ ಡಬ್ಬಿಯ ಮುಚ್ಚಳ ತಂದು ತೋರಿಸಿ, ಅತ್ತೆಯ ಮುಖ ನೋಡಿ, ಹಾಗೆಯೇ ವಾಪಸ್ ಇಟ್ಟಿದ್ದ. ಕೊನೆಗೆ ಟೀಪುಡಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಜೋಡಿ ಮೊರ ಮಾಡಿದರು. ಅಕ್ಕಿ, ತೊಗರಿಬೇಳೆ, ಬೆಲ್ಲ, ಅರಿಶಿನ, ಕುಂಕುಮ, ಅರ್ಪಿತಾಳಿಗೆಂದು ಮೈಸೂರಿನಿಂದ ತಂದಿದ್ದ ಒಂದು ಡಜನ್ ಹಸಿರು ಬಳೆ ಅದರೊಳಗೆ ಸೇರಿದವು.

"ಅತ್ತೆ, ರಟ್ಟು ನೆನೆದ್ರೆ ಹತ್ತು ನಿಮಿಷಾನೂ ತಡೆಯಲ್ಲ," ಎಂದ ಧನುಷ್.

"ತೇಲಿ ಕಣ್ಮರೆಯಾದ್ರೆ ಸಾಕು ಅಳಿಯಂದ್ರೆ. ಆಮೇಲೆ ಗಂಗಮ್ಮನ ಪಾಡು."

ಮೂರು ದಿನ ಗುಡ್ಡಗಳ ಮೇಲೆ ಸುರಿದ ಮಳೆ ಕಣಿವೆಗೆ ಇಳಿದಿತ್ತು. ಉದ್ಯಾನದ ಬೋಳು ಮರಗಳ ನಡುವೆ ನದಿ ಕಡುಚಹದ ಬಣ್ಣದಲ್ಲಿ ಹೊರಳುತ್ತಿತ್ತು. ದಕ್ಷಿಣದ ಬೆಟ್ಟಗಳ ನೆತ್ತಿಯಲ್ಲಿ ತೆಳ್ಳಗೆ ಹಿಮ, ಕಾಲ್ದಾರಿಯಲ್ಲಿ ಮಾಸ್ಕು ಗದ್ದಕ್ಕಿಳಿಸಿ ಓಡುವವರು, ಅವರಿಗೆಲ್ಲ ದೂರ ಸರಿದು ದಾರಿ ಬಿಡುವ ನಮ್ಮ ತಂಡ. ತಿರುವಿನಾಚೆ ಅಡ್ಡಗಟ್ಟೆಯ ನೀರು ಗುಡುಗಿದ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕಾಯಿತು. ಅದರ ಪಕ್ಕದಲ್ಲೇ ಪಾಚಿ ಹಿಡಿದ ಕಲ್ಲಿನ ಗೋಡೆ, ಒಂದು ಮುರುಕು ತೂಬು, ಹಳೆಯ ನಾಲೆಯ ಬಾಯಿ.

ಗೋಡೆಯ ಬಳಿ ನೆಟ್ಟಿದ್ದ ಫಲಕ ಓದಿದ ನಂಜುಂಡಪ್ಪ ಮಗನ ಕಡೆ ತಿರುಗಿದರು. "ರೋಮನ್ನರ ಕಾಲುವೆ ಅಂದಿದ್ದೆಯಲ್ಲೋ?"

"ನೆಟ್ಟಲ್ಲಿ ಯಾರೋ ಹಾಕಿದ್ರು ಅಪ್ಪ."

"ರೋಮನ್ನರು ಈ ದೇಶಕ್ಕೆ ಕಾಲುವೆ ತೋಡೋಕೆ ಬಂದೇ ಇಲ್ಲ. ಇಲ್ಲಿನ ಕ್ರೈಸ್ತ ಮಠದ ಸನ್ಯಾಸಿಗಳು ಮಾಡಿಸಿದ್ದಂತೆ, ಡಬ್ಲಿನ್‌ಗೆ ಕುಡಿಯೋ ನೀರಿಗೆ. ಏಳೆಂಟು ನೂರು ವರ್ಷ ಆಯ್ತು." ಗೋಡೆಯನ್ನು ತಟ್ಟಿ ನೋಡಿ ಸೇರಿಸಿದರು: "ಗಾರೆ ಇನ್ನೂ ಬಿಟ್ಟಿಲ್ಲ, ನೋಡು."

ಜಾಗ ಆರಿಸಿದವರೂ ಅವರೇ. ತೂಬಿನ ಬಳಿ ನೀರು ಶಾಂತವಾಗಿತ್ತು, ಇಳಿಯಲು ಮೆಟ್ಟಿಲಿತ್ತು. ಅನಸೂಯಮ್ಮ ಸ್ವೆಟರಿನ ಮೇಲಿನ ಸೆರಗನ್ನು ಬಿಗಿದು, ಕಣ್ಣು ಮುಚ್ಚಿ, ಬಾಗಿನ ಬಿಟ್ಟರು.

ಅದು ತೇಲಿತು. ಒಂದು ಸುತ್ತು ತಿರುಗಿತು. ಆಮೇಲೆ ನದಿಯ ಕಡೆ ಹೋಗುವ ಬದಲು ಮುರುಕು ತೂಬಿನೊಳಗೆ ನುಸುಳಿತು. ಹತ್ತಡಿ ಒಳಗೆ ತುಕ್ಕು ಹಿಡಿದ ಸರಳುಗಳಿಗೆ ಒರಗಿ, ಖಾಲಿ ಬಾಟಲಿಗಳ ಮಧ್ಯೆ ನಿಂತಿತು.

"ನಿಂತೋಯ್ತು," ಎಂದರು ಅನಸೂಯಮ್ಮ. ನೀರಿನ ಸದ್ದಿನಲ್ಲಿ ಅದು ಪಕ್ಕದಲ್ಲಿದ್ದವರಿಗಷ್ಟೇ ಕೇಳಿತು.

ನಂಜುಂಡಪ್ಪನವರ ಮುಖ ಕಪ್ಪಿಟ್ಟಿತು. "ನನ್ನ ತಪ್ಪು ಬೀಗಿತ್ತಿಯೋರೆ. ಸರ್ವೀಸ್ ಪೂರ್ತಿ ತೂಬಿನ ಹತ್ರಾನೇ ಬಾಗಿನ ಬಿಟ್ಟು ಅಭ್ಯಾಸ. ಅಲ್ಲಿ ಬಿಟ್ರೆ ಗದ್ದೆಗದ್ದೆಗೂ ಹೋಗೋದು. ಇದು ಸತ್ತ ನಾಲೆ ಅಂತ ಈಗ ತಾನೇ ಓದಿದ್ದೆ, ಆದ್ರೂ ಕಾಲು ಇಲ್ಲಿಗೇ ಬಂತು."

ಧನುಷ್‌ಗೆ ಬಾಗಿನದಲ್ಲಿ ನಂಬಿಕೆಯಿರಲಿಲ್ಲ. ಆದರೆ ಹನ್ನೆರಡು ದಿನಗಳಲ್ಲಿ ಅವನ ಕೈಗೆ ನಿಲುಕುವಂಥದ್ದು ಎದುರಾಗಿದ್ದು ಇದೇ ಮೊದಲು. ಜಾಕೆಟ್ ಬಿಚ್ಚಿದ.

"ಬೇಡ ಕಣೋ! ಹೂಳು ಎಷ್ಟಿದೆಯೋ!" ಎಂದರು ನಂಜುಂಡಪ್ಪ.

ಅಷ್ಟರಲ್ಲಿ ಬೇಟೆನಾಯಿಯೊಂದನ್ನು ಹಿಡಿದ ಸ್ಥಳೀಯ ಹೆಂಗಸು ಎರಡು ಮೀಟರ್ ದೂರದಲ್ಲಿ ನಿಂತು ಕೇಳಿದಳು: "ಊಟದ ಡಬ್ಬಿ ಬಿತ್ತಾ, ಪಾಪ?"

"ಪ್ರಾರ್ಥನೆ," ಎಂದ ಧನುಷ್, ಬೇರೆ ಪದ ಸಿಗದೆ.

ಆಕೆ ನಾಯಿಯ ಉದ್ದನೆಯ ಪಟ್ಟಿಯನ್ನು ಬಿಚ್ಚಿ ಎಸೆದಳು. "ಸೊಂಟಕ್ಕೆ ಕಟ್ಟಿಕೋ. ಇವನದೇನೂ ತೊಂದರೆಯಿಲ್ಲ, ಗ್ರ್ಯಾಂಡ್, ಓಡಿಹೋಗಲ್ಲ."

ನಾಯಿ ತಕ್ಷಣ ಓಡಿಹೋಯಿತು. ಆಕೆ ಅದರ ಹಿಂದೆ ಓಡಿದಳು.

ಧನುಷ್ ಇಳಿದ. ಮೊಣಕಾಲು. ತೊಡೆ. ನೀರು ಚಾಕುವಿನಂತೆ ಕೊರೆಯಿತು.

ಮೂರನೇ ಹೆಜ್ಜೆಗೆ ಹೂಳು ಕಾಲನ್ನು ಹಿಡಿಯಿತು. ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಕಾಲು ಬಂತು, ಶೂ ಬರಲಿಲ್ಲ.

"ಸರಳು ಹಿಡ್ಕೊ! ಪಕ್ಕಕ್ಕೆ ವಾಲು!" ನಂಜುಂಡಪ್ಪ ಕೂಗುತ್ತಿದ್ದರು. ಪಟ್ಟಿಯ ತುದಿಯನ್ನು ಬೀಗರಿಬ್ಬರೂ ಸೇರಿ ಹಿಡಿದಿದ್ದರು. ಹನ್ನೊಂದು ತಿಂಗಳಲ್ಲಿ ಅವರು ಒಂದೇ ದಿಕ್ಕಿಗೆ ಎಳೆದದ್ದು ಅದೇ ಮೊದಲು.

ರಟ್ಟು ಮೆತ್ತಗಾಗಿತ್ತು. ಮಗುವನ್ನು ಎತ್ತುವಂತೆ ತಳಕ್ಕೆ ಎರಡೂ ಕೈ ಕೊಟ್ಟು ಎತ್ತಿದ. ಅಕ್ಕಿ ಸೋರಿತು, ಬಳೆಗಳು ಉಳಿದವು. ಅನಸೂಯಮ್ಮ ಅದನ್ನು ಸೆರಗಿನಲ್ಲಿ ತೆಗೆದುಕೊಂಡು, ಒಂದೇ ಶೂನ ಅಳಿಯನನ್ನೂ ಕಾಯದೆ, ಅಡ್ಡಗಟ್ಟೆಯ ಕೆಳಗಿನ ಕಲ್ಲುಗಳತ್ತ ನಡೆದರು.

ಅಲ್ಲಿ ನದಿ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಬಾಗಿನ ಮುಳುಗಿತು, ಎದ್ದಿತು, ಬಿಳಿ ನೊರೆಯಲ್ಲಿ ಒಮ್ಮೆ ಹಳದಿಯಾಗಿ ಕಂಡಿತು, ಹೋಯಿತು.

ನಾಯಿ ಸಿಕ್ಕಿತ್ತು. ಪಟ್ಟಿಯನ್ನು ಎರಡು ಮೀಟರಿನಿಂದಲೇ ಎಸೆದು ಮರಳಿಸಿದರು. ಧನುಷ್ ಒಂದೇ ಶೂನಲ್ಲಿ ಕುಂಟುತ್ತಿದ್ದುದರಿಂದ ವಾಪಸಾಗಲು ಎರಡು ಗಂಟೆ ಹಿಡಿಯಿತು.

ಫೋನ್ ಬಂದಾಗ ಆರೂ ಇಪ್ಪತ್ತು. ಸ್ಪೀಕರಿನಲ್ಲಿ ದಣಿದ ದನಿ. ಧನುಷ್ ಕೇಳಿಸಿಕೊಂಡು ಹೇಳಿದ: "ಆಕ್ಸಿಜನ್ ನಿನ್ನೆಯಷ್ಟೇ ಬೇಕಾಗ್ತಿದೆಯಂತೆ. ಕಮ್ಮಿ ಆಗಿಲ್ಲ, ಜಾಸ್ತೀನೂ ಆಗಿಲ್ಲ. ಇವತ್ತು ಕೊಳವೆ ಬೇಡ, ನಾಳೆ ನೋಡೋಣ ಅಂದ್ರು."

"ಅಂದ್ರೆ ನಿಂತಲ್ಲೇ ನಿಂತಿದೆ," ಎಂದರು ಅನಸೂಯಮ್ಮ. ಅವರ ಕಣ್ಣಲ್ಲಿ ಆ ತುಕ್ಕಿನ ಸರಳುಗಳಿದ್ದವು.

ನಂಜುಂಡಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಪ್ರವಾಹದಲ್ಲಿ ರಾತ್ರಿಯೆಲ್ಲ ಮಟ್ಟ ನೋಡ್ತಾ ಕೂತವನು ನಾನು ಬೀಗಿತ್ತಿಯೋರೆ. ಏರೋ ನೀರು ಏಕ್‌ದಂ ಇಳಿಯಲ್ಲ. ಮೊದಲು ನಿಲ್ಲತ್ತೆ. ನಿಂತಿದೆ ಅಂತ ನಾವು ಬರ್ಕೊಂಡಾಗ ಕೆಳಗಿನ ಊರೋರು ಆವತ್ತು ಮಲಗ್ತಿದ್ರು."

"ಇಳಿದೇ ಇಳಿಯತ್ತಾ?"

"ಅದು ನನಗೆ ಗೊತ್ತಿಲ್ಲ," ಎಂದರು ಅವರು, ಪ್ರಾಮಾಣಿಕವಾಗಿ.

ಅನಸೂಯಮ್ಮ ಕಿಟಕಿಯಾಚೆ ಆಸ್ಪತ್ರೆಯ ದೀಪಗಳನ್ನು ನೋಡಿ, ಅನ್ನಕ್ಕಿಡಲು ಎದ್ದರು. ನಂಜುಂಡಪ್ಪ ಮಗನ ಉಳಿದ ಒಂದು ಶೂಗೆ ಕಾಗದ ತುರುಕಿ ಹೀಟರಿನ ಮೇಲಿಟ್ಟರು. ಜೋಡಿ ಇರಲಿಲ್ಲ, ಆದರೂ ಒಣಗಲಿ ಎಂದು.