ಅಂಚಿನಾಚೆ ಬರೆದವಳು

ನವಿಲಿಗೆ ಇನ್ನೂ ಬಣ್ಣ ಬಾರದಿದ್ದ ಕಾಲದಲ್ಲಿ ಹೊನ್ನಂಚು ಎಂಬ ರಾಜ್ಯವಿತ್ತು. ಅಲ್ಲಿನ ಚಿತ್ರಗಾರರು ಮೊದಲು ಸುತ್ತ ಅಂಚಿನ ಗೆರೆ ಎಳೆದು, ಆಮೇಲೆ ಅದರೊಳಗೆ ಚಿತ್ರ ಬರೆಯುತ್ತಿದ್ದರು. ಗೆರೆ ದಾಟಿದ ಚಿತ್ರವನ್ನು ಹೊಳೆಗೆ ಎಸೆಯುತ್ತಿದ್ದರು.

ಸುರಗಿ ಎಂಬ ಚಿತ್ರಗಾರ್ತಿಯ ಕುಂಚ ಮಾತ್ರ ಗೆರೆಯ ಬಳಿ ನಿಲ್ಲುತ್ತಿರಲಿಲ್ಲ. ಅವಳು ಬರೆದ ಬಳ್ಳಿ ಹಲಗೆ ದಾಟಿ ಗೋಡೆಗೆ ಹಬ್ಬುತ್ತಿತ್ತು. "ಇನ್ನು ನನ್ನ ಸೀರೆ ಮೇಲೂ ಬರೀತೀಯೇನೇ?" ಎಂದು ಅಕ್ಕ ಹೊಂಬಾಳೆ ನಗುತ್ತಿದ್ದಳು.

ಆ ರಾಜ್ಯದಲ್ಲಿ ಮಸಿಕೇತನೆಂಬ ಮಾಂತ್ರಿಕನಿದ್ದ. ಎದುರು ಮಾತಾಡಿದವರ ಚಿತ್ರ ಬರೆದು ಸುತ್ತ ಕಪ್ಪು ಗೆರೆ ಎಳೆಯುತ್ತಿದ್ದ. ಗೆರೆಯ ತುದಿಗಳು ಕೂಡಿದೊಡನೆ ಅವರು ಚಿತ್ರದೊಳಗೆ ಸೇರಿಬಿಡುತ್ತಿದ್ದರು. ರಾಜನೂ ಹಾಗೆಯೇ ಸೇರಿದ್ದ. ಒಂದು ದಿನ ಹೊಂಬಾಳೆಯೂ ಸೇರಿದಳು.

ಅಕ್ಕನನ್ನು ಬಿಡಿಸಲು ಸುರಗಿ ಅವನ ಕೋಟೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಹಸಿದ ಹುಲಿ ಕೂತಿತ್ತು. ಸುರಗಿ ಹಲಗೆಯ ಮೇಲೆ ಜಿಂಕೆ ಬರೆದಳು.

"ಇಷ್ಟು ಪುಟ್ಟದಾ? ಅದಕ್ಕಿಂತ ನೀನೇ ವಾಸಿ," ಎಂದಿತು ಹುಲಿ.

ಸುರಗಿ ಹಲಗೆಯನ್ನು ಗೋಡೆಗೆ ಒರಗಿಸಿ, ಅದು ಮುಗಿದಲ್ಲಿಂದ ಗೋಡೆಯುದ್ದಕ್ಕೂ ಕಾಡು ಬರೆದಳು. ಜಿಂಕೆ ಕಾಡಿಗೆ ಓಡಿತು. ಹುಲಿ ಬೆನ್ನಟ್ಟಿ ಹೋಯಿತು. ಮರಳಿ ಬರಲಿಲ್ಲ.

ಎರಡನೆಯ ಬಾಗಿಲಲ್ಲಿ ಬೆಂಕಿಯುಗುಳುವ ಯಾಳಿ ಮಲಗಿತ್ತು. ಅದರ ಉಸಿರಿಗೆ ಬಣ್ಣಗಳೆಲ್ಲ ಸುಟ್ಟುಹೋದವು. ಸುರಗಿ ಕುಂಚವನ್ನು ಬರಿಯ ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಕೊಳ ಬರೆದಳು. ಯಾಳಿ ಅದರಲ್ಲಿ ಮೂತಿಯಿಟ್ಟು ನಿದ್ದೆ ಹೋಯಿತು.

ಕೋಟೆಯ ಮೇಲಿನಿಂದ ಮಸಿಕೇತ ನಕ್ಕ. "ಒಣಗಿ ಹೋಗೋದನ್ನ ಚಿತ್ರ ಅಂತಾರೇನೇ?"

"ಇರೋವಷ್ಟು ಹೊತ್ತು ಚಿತ್ರವೇ," ಎಂದಳು ಸುರಗಿ. ಕೊಳ ಒಣಗುವ ಮೊದಲೇ ಅವಳು ಒಳಗೆ ಹೋಗಿದ್ದಳು.

ಮೂರನೆಯ ಬಾಗಿಲಾಚೆ ಚಿತ್ರಗಳ ಸಭಾಂಗಣ. ಅಲ್ಲಿ ಹೊಂಬಾಳೆ ಕಪ್ಪು ಗೆರೆಯೊಳಗೆ ನಿಂತಿದ್ದಳು.

"ಅವಳನ್ನು ಹೊರಗೆ ಕರಿ. ಆಗದಿದ್ದರೆ ಪಕ್ಕದಲ್ಲೇ ನಿನಗೂ ಜಾಗ ಇದೆ," ಎಂದ ಮಸಿಕೇತ.

ಸುರಗಿ ಒದ್ದೆ ಬಟ್ಟೆಯಿಂದ ಗೆರೆಯನ್ನು ಉಜ್ಜಿದಳು. ಗೆರೆ ದಪ್ಪವಾಯಿತು. ಇನ್ನೂ ಉಜ್ಜಿದಳು. ಅದು ಅಕ್ಕನ ಭುಜದವರೆಗೂ ಬಂತು.

"ಉಜ್ಜಬೇಡವೇ, ಉಸಿರು ಕಟ್ಟುತ್ತೆ!" ಎಂದಳು ಹೊಂಬಾಳೆ.

ಸುರಗಿ ಬಟ್ಟೆ ಬಿಟ್ಟು ಸುಮ್ಮನೆ ನೋಡಿದಳು. ಎಡಕ್ಕೊಂದು, ಬಲಕ್ಕೊಂದು, ಮೇಲೊಂದು, ಕಾಲ ಬಳಿ ಒಂದು ಗೆರೆ. ದಿನಾ ಬೆಳಿಗ್ಗೆ ತಾನು ಗುಡಿಸಿ ಸಾರಿಸುವ ಜಾಗವೇ ಅದು!

ಸೊಂಟದ ಸಂಚಿಯಲ್ಲಿ ಅರಿಸಿನ ಕುಂಕುಮ ಉಳಿದಿತ್ತು. ಕೆಳಗಿನ ಗೆರೆಗೆ ಅರಿಸಿನ ಬಳಿದು ಕುಂಕುಮವಿಟ್ಟಳು. ಮೇಲಿನ ಗೆರೆಗೆ ತೋರಣ ಬರೆದಳು. ಈಚೆ ನೆಲದ ಮೇಲೆ ರಂಗೋಲಿಯೆಳೆದಳು.

"ಅಂಚಿನಾಚೆ ಬರೆದೆ! ಇದು ಚಿತ್ರವೇ ಅಲ್ಲ!" ಎಂದು ಮಸಿಕೇತ ಕಿರುಚಿದ.

"ಅಲ್ಲ ಸ್ವಾಮಿ, ಬಾಗಿಲು. ಅಕ್ಕಾ, ಬಾರೇ."

ಹೊಂಬಾಳೆ ಸೀರೆಯ ನೆರಿಗೆ ಎತ್ತಿ ಹಿಡಿದು, ಹೊಸ್ತಿಲು ತುಳಿಯದೆ ದಾಟಿ, ತಂಗಿಯನ್ನು ತಬ್ಬಿಕೊಂಡಳು.

ಸುರಗಿ ಒಂದೊಂದು ಗೆರೆಗೂ ಅರಿಸಿನ ಬಳಿದಳು. ಒಬ್ಬೊಬ್ಬರೇ ಹೊರಬಂದರು. ಒಂದೊಂದು ಬಾಗಿಲು ತೆರೆದಾಗಲೂ ಮಸಿಕೇತ ಕುಗ್ಗಿದ; ಕೊನೆಗೆ ಮಸಿಯ ಕಲೆಯಾದ. ಹೊಂಬಾಳೆ ಅದನ್ನು ಒರೆಸಿ ಹಾಕಿದಳು.

"ಏನು ಬೇಕು ತಾಯಿ, ಕೇಳು," ಎಂದ ರಾಜ.

"ಊರಿನ ಗೋಡೆಗಳು, ಮಹಾಪ್ರಭು."

ಸುರಗಿ ಗೋಡೆಗಳ ಮೇಲೆ ಬರೆದಳು, ದೋಣಿಯ ಹಾಯಿಗಳ ಮೇಲೆ ಬರೆದಳು, ಮರಗಳ ನೆರಳಿನ ಮೇಲೂ ಬರೆದಳು. "ಇದೂ ಚಿತ್ರವೇ?" ಎಂದು ಹಿರಿಯ ಚಿತ್ರಗಾರರು ಜಗಳವಾಡಿದರು; ಜಗಳವಾಡುತ್ತಲೇ ತಮ್ಮ ಕುಂಚಗಳನ್ನೂ ಹಿಡಿದು ಬಂದರು. ಅಕ್ಕ ತಂಗಿಯರೂ ಊರಿನವರೂ ಬಣ್ಣ ಬಣ್ಣವಾಗಿ ಬಾಳಿದರು.