ಮೂರನೇ ಸಾಲಿನ ನಾಲ್ಕನೇ ಎಲೆ

ಅವನು ನಕ್ಕದ್ದು ಗಾಜುಮನೆಯ ಈ ತುದಿಯಲ್ಲಿದ್ದ ಅವಳಿಗೂ ಕೇಳಿಸಿತು.

ನಗಲಿ, ಯಾರು ಬೇಡವೆಂದರು? ಆದರೆ ಎರಡು ವರ್ಷ ಒಂದೇ ಲ್ಯಾಬಿನಲ್ಲಿ ಪಕ್ಕಪಕ್ಕದ ಮೇಜಿನಲ್ಲಿ ಕೂತವಳಿಗೆ ಆ ನಗುವಿನ ದಾರಿ ಗೊತ್ತಿತ್ತು. ಮೊದಲು ತುಟಿಯ ಎಡತುದಿ ಒಂಚೂರು ಮೇಲೇಳಬೇಕು. ಆಮೇಲೆ ಕಣ್ಣು ಸಣ್ಣಗಾಗಬೇಕು. ಕೊನೆಗೆ, ತೀರಾ ಕೊನೆಗೆ, ಮನಸ್ಸು ಬಂದರೆ ಸದ್ದು ಹೊರಡಬೇಕು. ಇವತ್ತು ಪೀಠಿಕೆಯೇ ಇಲ್ಲದೆ ನೇರವಾಗಿ ಸದ್ದು! ಅದೂ ಹನ್ನೊಂದು ದಿನದ ಹಿಂದೆ ಬಂದವಳ ಎದುರು!

ಲ್ಯಾಬಿನಲ್ಲಿ ಅವನಿಗೆ ಕತ್ತರಿ ಎಂದು ಹೆಸರು. ಪಾಪ್ಲರ್ ಮರದ ಒಂದೇ ಒಂದು ಜೀನಿನ ಹಿಂದೆ ಮೂರು ವರ್ಷದಿಂದ ಬಿದ್ದಿದ್ದ. ಆರ್‌ಎನ್‌ಎಯಲ್ಲಿ ಬೇಡದ ತುಂಡುಗಳನ್ನು ಕತ್ತರಿಸಿ, ಬೇಕಾದವನ್ನು ಜೋಡಿಸಲು ನೆರವಾಗುವ ಜೀನು ಅದು. ಅದರ ಕೆಲಸ ತಗ್ಗಿಸಿದ ಸಸಿಗಳನ್ನು ಗಾಜಿನ ಬಾಟಲಿಗಳಲ್ಲಿ ಬೆರಳುದ್ದದಿಂದ ಸಾಕಿ, ಕುಂಡಕ್ಕಿಳಿಸಿ, ಎದೆಯೆತ್ತರಕ್ಕೆ ತಂದವಳು ಅವಳು. ಹಾಗಾಗಿ ಅವಳು ಬಾಟಲಿ ರಾಣಿ. ರಾಣಿಗೆ ರಾಜ್ಯವಿತ್ತು, ಅರವತ್ತು ಮರಗಳ ಪ್ರಜೆಗಳಿದ್ದರು. ಮಂತ್ರಿಯೊಬ್ಬ ಇದ್ದಾನೆ ಎಂದೂ ಅಂದುಕೊಂಡಿದ್ದಳು, ಮೊನ್ನೆ ಮೊನ್ನೆಯವರೆಗೆ.

ಈಗ ಆ ಮಂತ್ರಿ ಕಂಪ್ಯೂಟರ್ ಮೇಡಂಗೆ ಮರ ತೋರಿಸುತ್ತಿದ್ದ. ಎಲೆಗಳಿಂದ ಬಂದ ಆರ್‌ಎನ್‌ಎಯನ್ನು ಅಕ್ಷರ ಅಕ್ಷರ ಓದಿ ಲೆಕ್ಕ ಹಾಕಲು ಬೇರೆ ಸಂಸ್ಥೆಯಿಂದ ಒಂದು ತಿಂಗಳ ಮಟ್ಟಿಗೆ ಬಂದವಳು ಆಕೆ. ಉದ್ದ ಕತ್ತು, ಗಿಡ್ಡ ಕೂದಲು, ಪ್ರತಿ ಮಾತಿಗೂ ತಲೆ ಒಂದು ಕಡೆ ವಾಲಿಸಿ ಕೇಳುವ ಅಭ್ಯಾಸ. ಹಾಗೆ ಕೇಳಿದರೆ ಯಾವ ಗಂಡಸು ತಾನೇ ಮಾತು ನಿಲ್ಲಿಸುತ್ತಾನೆ?

ಹನ್ನೊಂದು ಗಂಟೆ ಹೊಡೆಯಿತು. ಎಲೆ ಕೀಳುವ ಹೊತ್ತು. ಆ ಜೀನಿನ ಕತ್ತರಿ ಬೆಳಿಗ್ಗೆ ಒಂದು ರೀತಿ, ಮಧ್ಯಾಹ್ನ ಇನ್ನೊಂದು ರೀತಿ ಆಡುತ್ತದೆ. ಎಳೆಯ ಎಲೆಯಲ್ಲಿ ಒಂದು ಥರ, ಬಲಿತ ಎಲೆಯಲ್ಲಿ ಮತ್ತೊಂದು ಥರ. ಆದ್ದರಿಂದ ಅರವತ್ತೂ ಮರದಿಂದ ಒಂದೇ ದಿನ, ಅರ್ಧ ಗಂಟೆಯೊಳಗೆ, ತುದಿಯಿಂದ ಐದನೇ ಎಲೆಯನ್ನೇ ಕೀಳಬೇಕು. ಕಿತ್ತ ಕೂಡಲೇ ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿ, ಹೊಗೆಯಾಡುವಷ್ಟು ತಣ್ಣನೆಯ ನೈಟ್ರೋಜನ್ ಡಬ್ಬಿಗೆ ಹಾಕಬೇಕು. ತುದಿಯಲ್ಲಿ ಇನ್ನೂ ಸುರುಳಿ ಬಿಚ್ಚದ ಪುಟಾಣಿ ಇರುತ್ತದಲ್ಲ, ಅದು ಲೆಕ್ಕಕ್ಕಿಲ್ಲ. ಪೂರ್ತಿ ಬಿಚ್ಚಿಕೊಂಡದ್ದೇ ಒಂದು.

ಮೊದಲ ಸಾಲು ಮುಗಿಯಿತು. ಎರಡನೆಯದೂ. ಮೂರನೇ ಸಾಲಿಗೆ ಕಾಲಿಡುವಾಗ ಫ್ಯಾನಿನ ಗಾಳಿಗೆ ಎಲೆಗಳೆಲ್ಲ ಒಮ್ಮೆಲೇ ಥರಥರಿಸಿದವು, ಅವುಗಳ ನಡುವಿನಿಂದ ಅವನ ದನಿ ತೂರಿ ಬಂತು.

"ಒಬ್ಬ ಅಜ್ಜಿ ಕಥೆ ಹೇಳ್ತಿದ್ದಾಳೆ ಅಂದ್ಕೊಳ್ಳಿ. ರಾಜಕುಮಾರ ಕುದುರೆ ಹತ್ತಿದ ಅಂತಾಳೆ. ಅಷ್ಟರಲ್ಲಿ ಅವಳ ಮಂಡಿನೋವು ಬರುತ್ತೆ. ಪಕ್ಕದ ಮನೆಯವಳ ಜಗಳ ಬರುತ್ತೆ. ಹಾಲು ಉಕ್ಕಿದ್ದು ಬರುತ್ತೆ. ಎಲ್ಲಾ ಆದ್ಮೇಲೆ, ಕಾಡು ಸೇರಿದ ಅಂತಾಳೆ. ಕೇಳೋ ಮಗು ಏನ್ಮಾಡುತ್ತೆ? ಮಂಡಿನೋವು ಕಿತ್ತುಹಾಕಿ, ಕುದುರೆಗೆ ಕಾಡನ್ನ ಹೊಲಿಯುತ್ತೆ. ಆರ್‌ಎನ್‌ಎ ಆ ಉದ್ದದ ಕಥೆ. ನನ್ನ ಜೀನು ಆ ಮಗು."

"ಮಗು ನಿದ್ದೆ ಹೋದ್ರೆ?" ತಲೆ ವಾಲಿತು.

"ಮಂಡಿನೋವು ಕಥೆಯೊಳಗೇ ಉಳ್ಕೊಳ್ಳುತ್ತೆ. ಮರ ಗಿಡ್ಡ ಆಗುತ್ತೆ."

"ಅಬ್ಬಾ, ಎಷ್ಟು ಚೆನ್ನಾಗಿ ಹೇಳ್ತೀರಿ ನೀವು!"

ಅವಳ ಕೈ ಎಲೆಯ ಮೇಲೇ ನಿಂತುಬಿಟ್ಟಿತು. ಅದು ಅವನ ಮಾತಲ್ಲ. ಹೋದ ವರ್ಷ ಕರೆಂಟು ಹೋದ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅವಳು ಅವನಿಗೆ ಹೇಳಿದ್ದು. ಮಂಡಿ ಅವಳ ಅಜ್ಜಿಯದು. ಉಕ್ಕಿದ ಹಾಲು ಅವಳ ಮನೆಯದು. ಆ ನಿದ್ದೆಗಣ್ಣಿನ ಮಗು ಅವಳೇ. ಅವತ್ತು ಅವನು ಅವಳನ್ನೇ ನೋಡುತ್ತ ಕೂತಿದ್ದ. ಆ ನೋಟವನ್ನು ಅವಳು ಒಂದು ವರ್ಷದಿಂದ ಒಳಗೊಳಗೇ ಮಡಿಚಿಟ್ಟುಕೊಂಡಿದ್ದಳು. ಇವನೋ, ಬಂದವಳಿಗೆ ಟೀ ಕೊಟ್ಟಷ್ಟು ಸಲೀಸಾಗಿ ಆ ಕಥೆಯನ್ನು ಕೊಟ್ಟುಬಿಟ್ಟ!

ಕಿವಿ ಅಲ್ಲಿ, ಬೆರಳು ಇಲ್ಲಿ. ಒಂದು, ಎರಡು, ಮೂರು, ನಾಲ್ಕು, ಐದು. ಚಟ್. ಮುಂದಿನ ಮರ. ಚಟ್.

ಐದೂ ಸಾಲು ಮುಗಿಸಿ ತಿರುಗಿ ನೋಡಿದಳು. ಮೂರನೇ ಸಾಲಿನ ಹನ್ನೆರಡು ಮರದಲ್ಲೂ ಐದನೇ ಎಲೆ ಅಲ್ಲೇ ನಿಂತು ಅವಳತ್ತ ಅಲ್ಲಾಡುತ್ತಿತ್ತು. ಸುರುಳಿ ಪುಟಾಣಿಯನ್ನೂ ಸೇರಿಸಿ ಎಣಿಸಿ, ಹನ್ನೆರಡರಿಂದಲೂ ನಾಲ್ಕನೆಯದನ್ನು ಕಿತ್ತಿದ್ದಳು. ಅರ್ಧ ಗಂಟೆ ದಾಟಿತ್ತು, ಈಗ ಐದನೆಯದನ್ನು ಕೀಳುವಂತೆಯೂ ಇರಲಿಲ್ಲ.

ಡಬ್ಬಿಯಲ್ಲಿ ಎಲ್ಲವೂ ಒಂದೇ ಬಗೆಯ ಬೆಳ್ಳಿ ಪೊಟ್ಟಣ. ನಾಡಿದ್ದು ಅರೆದು ಪುಡಿಯಾದ ಮೇಲೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಹೇಳಿದರೋ, ಅರವತ್ತೂ ವ್ಯರ್ಥ. ಹೊಸ ಎಲೆ ಬಲಿಯಲು ಮೂರು ವಾರ. ಅಂದರೆ ಕಂಪ್ಯೂಟರ್ ಮೇಡಂ ಮೂರು ವಾರ ಹೆಚ್ಚಿಗೆ ಇಲ್ಲೇ! ತನ್ನ ಕೈಯಾರೆ ಅವಳಿಗೆ ಚಾಪೆ ಹಾಸಿದ ಹಾಗೆ.

ಅವಳು ಡಬ್ಬಿಯ ಮುಚ್ಚಳ ಹಾಕಿ ಮನೆಗೆ ಹೋದಳು.

"ಮುಖ ಯಾಕೆ ಗಂಟು ಹಾಕ್ಕೊಂಡಿದೀಯೇ?" ಅಜ್ಜಿ ಕೇಳಿದಳು.

ಎಲ್ಲ ಹೇಳಿದಳು. ಎಲೆಯದು ಕಡಿಮೆ, ಕಥೆ ಕದ್ದದ್ದು ಜಾಸ್ತಿ.

"ಮಂಡಿ ನಂದು, ಹಾಲು ನಂದು. ನನ್ನ ಕೇಳ್ದೆ ಅವನಿಗೆ ಹೇಳ್ದೋಳು ನೀನು. ಮೊದಲನೇ ಕಳ್ಳಿ ನೀನೇ ಕಣೇ!"

"ಅಜ್ಜೀ!"

"ಸರಿ, ಅವಳು ನೋಡೋಕೆ ಹೇಗಿದಾಳೆ?"

"ಚೆನ್ನಾಗಿದಾಳೆ."

"ತುಂಬಾನಾ?"

"ಕತ್ತು ಸ್ವಲ್ಪ ಉದ್ದ."

ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಪುಟ್ಟಿ, ಅವನಿಗೆ ಆ ಮರ ಎಷ್ಟು ವರ್ಷದ್ದು ಅಂದೆ?" ಎಂದಳು.

"ಮೂರು."

ಅಜ್ಜಿ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

ಬೆಳಿಗ್ಗೆ ಅವಳು ಲ್ಯಾಬಿನ ಮುಖ್ಯಸ್ಥೆಯ ಕೋಣೆಗೆ ಹೋಗಿ ಲೋಪದ ಪುಸ್ತಕ ಕೇಳಿದಳು. ಎಲ್ಲರೂ ಬೆನ್ನ ಹಿಂದೆ ದೊಡ್ಡಮ್ಮ ಎನ್ನುತ್ತಿದ್ದ ಆಕೆಯದೇ ನಿಯಮ ಅದು. ತಪ್ಪು ಮಾಡಿದವರು ಏನಾಯಿತು, ಯಾಕಾಯಿತು ಎಂದು ಬರೆಯಬೇಕು. ಯಾರ ಕೆಲಸ ಕೆಟ್ಟಿತೋ ಅವರು ಅದನ್ನು ಓದಿ, ಮುಂದಿನ ಕ್ರಮ ಬರೆದು ಸಹಿ ಹಾಕಬೇಕು.

ಅವಳು 'ಕಾರಣ: ಗಮನ ತಪ್ಪಿತು' ಎಂದು ಬರೆದಳು. ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿದಳು.

"ತಪ್ಪಿ ಎಲ್ಲಿಗೆ ಹೋಗಿತ್ತಮ್ಮ?"

"ಹಾಗೇ... ಬೇರೆ ಕಡೆ, ಮೇಡಂ."

"ಬೇರೆ ಕಡೆಗೆ ಒಂದು ವಿಳಾಸ ಇರುತ್ತಲ್ಲ. ಅದು ಗೊತ್ತಾದ್ರೆ ತಾನೇ ಮುಂದೆ ತಡೆಯೋಕಾಗೋದು? ಬರಿ."

ಬರೆದಳು. ಬರೆದು, ಪುಸ್ತಕವನ್ನು ಎದೆಗೊತ್ತಿಕೊಂಡು ಅವನ ಮೇಜಿಗೆ ನಡೆದಳು. ಸದ್ಯ, ಅವನು ಒಬ್ಬನೇ ಇದ್ದ.

"ಓದು. ಬೈಯೋದಿದ್ರೆ ಪೂರ್ತಿ ಓದಿ ಬೈಯಿ."

ಅವನು ಓದಿದ. 'ಮೂರನೇ ಸಾಲು, ಹನ್ನೆರಡು ಮರ. ಐದನೆಯದರ ಬದಲು ನಾಲ್ಕನೇ ಎಲೆ.' ಅವನ ಮುಖದ ಬಣ್ಣ ಇಳಿಯಿತು. ಮೂರು ವಾರದ ಲೆಕ್ಕ ಅವನ ಹಣೆಯ ಮೇಲೆ ಗೆರೆಯಾಗಿ ಮೂಡಿದ್ದನ್ನು ಅವಳು ಕಂಡಳು. ಅವನ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. 'ಕಾರಣ: ನಾನು ಇವನಿಗೊಬ್ಬನಿಗೇ ಹೇಳಿದ್ದ ಕಥೆಯನ್ನು ಇವನು ಇನ್ನೊಬ್ಬರಿಗೆ ಹೇಳುತ್ತಿದ್ದುದು ಕೇಳಿಸಿತು. ಹೊಟ್ಟೆಕಿಚ್ಚಾಯಿತು.'

ಅವನು ಆ ಸಾಲನ್ನು ಇನ್ನೊಮ್ಮೆ ಓದಿದ.

"ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದ ಕೊನೆಗೆ.

"ಗೊತ್ತು. ಹೇಳಿದ್ದಕ್ಕೆ ಅವರು ಮೂರು ವಾರ ಜಾಸ್ತಿ ಇರ್ತಾರೆ ಅನ್ನೋದೂ ಗೊತ್ತು."

"ಅದನ್ನೂ ಲೆಕ್ಕ ಹಾಕಿದ್ಯಾ?"

"ಎಲೆ ಒಂದು ಬಿಟ್ಟು ಉಳಿದಿದ್ದೆಲ್ಲ ಸರಿಯಾಗೇ ಎಣಿಸ್ತೀನಿ."

ತುಟಿಯ ಎಡತುದಿ ಒಂಚೂರು ಎದ್ದಿತು. ಅವಳು ಬೇಕೆಂದೇ ಕಿಟಕಿ ನೋಡಿದಳು.

"ನಿಜ ಹೇಳ್ಲಾ?" ಎಂದ. "ಅವರ ಮುಂದೆ ಜಾಣ ಅನ್ನಿಸ್ಕೋಬೇಕು ಅಂತ ಆಸೆ ಆಯ್ತು. ನನ್ನ ಹತ್ರ ಇದ್ದ ಚೆಂದದ ಮಾತು ಅದೊಂದೇ. ಅದು ನಿಂದು ಅಂತ ಹೇಳಬೇಕಿತ್ತು. ಹೊಗಳಿಕೆ ಬಂದಾಗ ಬಾಯಿ ಮುಚ್ಕೊಂಡು ಇಟ್ಕೊಂಡೆ. ಅದು ನನ್ನ ತಪ್ಪು."

ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ, ಇಷ್ಟು ಹಗುರವೂ ಆಗುತ್ತಿರಲಿಲ್ಲ.

"ಜಾಣ ಅನ್ನಿಸ್ಕೊಂಡ್ಯಲ್ಲ. ಆಮೇಲೆ?"

"ಆಮೇಲೆ ನಿನ್ನ ಕಡೆ ತಿರುಗಿ ನೋಡ್ದೆ. ನಿನಗೆ ಹೇಳಿ ನಗೋಣ ಅಂತ. ನೀನು ಮರಾನೇ ಕಿತ್ತುಹಾಕೋ ಹಾಗೆ ಎಲೆ ಕೀಳ್ತಿದ್ದೆ. ಹತ್ರ ಬರೋಕೆ ಹೆದರಿಕೆ ಆಯ್ತು."

"ಇಷ್ಟು ದಿನಾನೂ ಹೆದರಿಕೇನಾ?"

"ಎರಡು ವರ್ಷದಿಂದ," ಎಂದ ಮೆಲ್ಲಗೆ. "ನೀನು ಪಕ್ಕದಲ್ಲಿ ಕೂತ್ರೆ ನಾನು ಒಂದೇ ಪುಟಾನ ಮೂರು ಸಲ ಓದ್ತೀನಿ. ಇಷ್ಟ ಕಣೇ ನೀನು. ಹೇಗೆ ಹೇಳೋದು ಅಂತ ಗೊತ್ತಿರ್ಲಿಲ್ಲ, ಅಷ್ಟೇ."

ಅವಳ ಕೆನ್ನೆ ಬಿಸಿಯಾಯಿತು. ಆದರೂ ಕಿಚ್ಚು ಅಷ್ಟು ಬೇಗ ಆರುತ್ತದೆಯೇ?

"ಇದನ್ನೂ ಯಾರಿಗಾದ್ರೂ ಹೇಳಿ ಚಪ್ಪಾಳೆ ಗಿಟ್ಟಿಸ್ಕೋಬೇಡ ಮತ್ತೆ."

ಈ ಸಲ ಕಣ್ಣೂ ಸಣ್ಣಗಾಯಿತು. ಅವನು ಪೆನ್ನು ತೆಗೆದು, ಮುಂದಿನ ಕ್ರಮದ ಜಾಗದಲ್ಲಿ ಬರೆಯತೊಡಗಿದ. ಅವಳು ತಡೆಯಲಾರದೆ ಬಗ್ಗಿ ಓದಿದಳು. 'ಇನ್ನು ಮೇಲೆ ಎಲೆ ಕೀಳುವಾಗ ನಾನು ಇವಳ ಪಕ್ಕದಲ್ಲೇ ನಿಂತು ಜೊತೆಗೆ ಎಣಿಸುತ್ತೇನೆ.'

"ಎಷ್ಟು ದಿನ ಅಂತ ಬರೆದಿಲ್ಲ. ದೊಡ್ಡಮ್ಮ ಕೇಳ್ತಾರೆ," ಎಂದಳು.

"ಪಾಪ್ಲರ್ ಎಷ್ಟು ವರ್ಷ ಬದುಕುತ್ತೆ?"

"ಚೆನ್ನಾಗಿ ನೋಡ್ಕೊಂಡ್ರೆ ಐವತ್ತು, ಅರವತ್ತು."

ಅವನು ಅರವತ್ತು ವರ್ಷ ಎಂದು ಬರೆದು ಸಹಿ ಹಾಕಿದ. ಪುಸ್ತಕ ಅವಳತ್ತ ತಳ್ಳಿದ.

ಅವಳು ಅರವತ್ತಕ್ಕೆ ಮೊದಲು 'ಕನಿಷ್ಠ' ಎಂದು ಸೇರಿಸಿ, ತನ್ನ ಸಹಿಯನ್ನೂ ಹಾಕಿದಳು.