ಮೂವತ್ತೆರಡನೆಯ ಫೋನ್

ಎರಡನೆಯ ಕುದುರೆ ಇರಲೇ ಇಲ್ಲ.

ಅದು ಗೊತ್ತಾದದ್ದು ಗುರುವಾರ ಬೆಳಿಗ್ಗೆ. ಭಾನುವಾರ ತಂದೆಯ ವರ್ಷದ ಕಾರ್ಯ, ಬಂದವರಿಗೆಲ್ಲ ಕುದುರೆ ಮಾಂಸದ ಊಟ. ಅಟ್‌ಬಾಶಿ ಹಳ್ಳಿಯ ಸೋರನ್‌ಬಾಯ್ ಅಂಗಳದಲ್ಲಿ ಹಂಡೆಗೆ ಒಲೆ ತೋಡುತ್ತಿದ್ದ. ನರಿನ್‌ ಪಟ್ಟಣದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ.

"ಅಣ್ಣ, ಎರಡನೇ ಕುದುರೆ ಚೆನ್ನಾಗಿ ಕೊಬ್ಬಿದೆಯಾ?"

"ಯಾವ ಎರಡನೇ ಕುದುರೆ?"

"ನಾವೆಲ್ಲ ಸೇರಿ ದುಡ್ಡು ಹಾಕಿದ್ವಲ್ಲ, ಅದು."

ಸೋರನ್‌ಬಾಯ್ ಗುದ್ದಲಿ ಕೆಳಗಿಟ್ಟ. ಒಂದಾದ ಮೇಲೊಂದು ಮನೆಗೆ ಫೋನ್ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಮನೆಗಳಾದವು. ಎಲ್ಲರಿಗೂ ಹಿಂದಿನ ದಿನ ಒಂದೇ ಸಂದೇಶ ಹೋಗಿತ್ತು. ಎಲ್ಲರೂ ತಲಾ ಐದು ಸಾವಿರ ಸೋಮ್ ಕಳಿಸಿದ್ದರು. ಸಂದೇಶ ಹೋದದ್ದು ಅವನ ತಮ್ಮನ ಹೆಂಡತಿ ಅನಾರ್‌ಕುಲ್‌ಳ ಫೋನಿನಿಂದ.

* * *

ಪೊಲೀಸ್ ತನಿಖಾಧಿಕಾರಿ ಕನಿಶಾಯ್ ಅಂದೇ ಬಂದಾಗ ಮನೆಯವರೆಲ್ಲ ಚಹಾಕ್ಕೆ ಕುಳಿತಿದ್ದರು. ಚಹಾ ಹಾಕುತ್ತಿದ್ದವಳು ಸೋರನ್‌ಬಾಯ್‌ನ ಹೆಂಡತಿ ಬೆರ್ಮೆತ್. ಕಿರಿಯ ಸೊಸೆ ಅನಾರ್‌ಕುಲ್ ಬಾಗಿಲ ಹತ್ತಿರ ನಿಂತಿದ್ದಳು. ಕಿರಿಯಳಿರುವಾಗ ಹಿರಿಯಳು ಚಹಾ ಹಾಕುವುದೆಂದರೆ ತೀರ್ಪು ಆಗಿಹೋಗಿದೆ ಎಂದೇ ಅರ್ಥ. ಕನಿಶಾಯ್ ಅದನ್ನು ಗಮನಿಸಿದಳು.

"ಕಿರಿಯ ಸೊಸೆಯ ಗಂಡ ಎಲ್ಲಿ?" ಎಂದಳು.

"ರಷ್ಯಾದಲ್ಲಿ, ಲಾರಿ ಓಡಿಸ್ತಾನೆ," ಎಂದ ಸೋರನ್‌ಬಾಯ್. "ಶನಿವಾರ ಬರ್ತಾನೆ. ಬಂದ ಮೇಲೆ ಇವಳನ್ನ ತವರಿಗೆ ಬಿಟ್ಟು ಬರ್ತಾನೆ. ಮಾತಾಡಿ ಆಗಿದೆ."

ಅನಾರ್‌ಕುಲ್ ತಲೆ ಎತ್ತಲಿಲ್ಲ.

ಕನಿಶಾಯ್ ಅವಳನ್ನು ಹಿತ್ತಲಿಗೆ ಕರೆದೊಯ್ದಳು. ನಮೂನೆ ತುಂಬತೊಡಗಿದಳು.

"ದೂರು ಕೊಟ್ಟವರು ನಿನ್ನ ಭಾವ. ಪೂರ್ತಿ ಹೆಸರು ಹೇಳು."

ಅನಾರ್‌ಕುಲ್ ನೆಲ ನೋಡಿದಳು. "ದೊಡ್ಡವರು," ಎಂದಳು.

"ದೊಡ್ಡವರು ಅಂತ ಬರೆದುಕೊಳ್ಳೋಕಾಗಲ್ಲ ತಂಗಿ."

"ಹಾಗಾದ್ರೆ ನಮ್ಮ ದೊಡ್ಡಕ್ಕನ್ನ ಕೇಳಿ."

ಬೆರ್ಮೆತ್ ಬಂದು ಪೆನ್ನು ಈಸಿಕೊಂಡಳು. ಬಾಯಿಬಿಡದೆ ಗಂಡನ ಹೆಸರು ಬರೆದುಕೊಟ್ಟಳು. ನಂತರ ಓರಗಿತ್ತಿಯ ಕಡೆ ನೋಡಿ, "ದುಡ್ಡು ಕೇಳೋಕೆ ನಾಲಿಗೆ ಬಂತು, ಈಗ ಇಲ್ಲ ನೋಡಿ," ಎಂದು ಒಳಗೆ ಹೋದಳು.

* * *

"ಆ ಕೊಂಡಿ ಒತ್ತಿದ್ದೇ ತಪ್ಪಾಯ್ತೇನೋ," ಎಂದಳು ಅನಾರ್‌ಕುಲ್. ಹೋದ ವಾರ ಸಂಬಂಧಿಕರ ಹುಡುಗಿಯೊಬ್ಬಳು ಕೊಮುಜ್ ಎಂಬ ತಂತಿವಾದ್ಯದ ಸ್ಪರ್ಧೆಯಲ್ಲಿದ್ದಾಳೆ, ಮತ ಹಾಕಿ ಎಂದು ಸಂದೇಶದಲ್ಲಿ ಒಂದು ಕೊಂಡಿ, ಅಂದರೆ ಲಿಂಕ್, ಬಂದಿತ್ತು. ಒತ್ತಿದಾಗ ಫೋನಿಗೆ ಖಾತೆಯ ಗುಟ್ಟಿನ ಆರು ಅಂಕಿ ಬಂದವು. ಅಷ್ಟರಲ್ಲಿ ಕರು ಹಗ್ಗ ಬಿಚ್ಚಿಕೊಂಡು ಓಡಿತು. ಅವಳು ಅದರ ಹಿಂದೆ ಓಡಿದಳು. ಅಂಕಿಗಳನ್ನು ತುಂಬಿದಳೋ ಇಲ್ಲವೋ, ನೆನಪಿಲ್ಲ.

ಇಂಥ ಮತದಾನದ ಮೋಸ ಕನಿಶಾಯ್‌ಗೆ ಹೊಸದಲ್ಲ. ಈ ವರ್ಷ ಅವಳ ಮೇಜಿಗೆ ಬಂದದ್ದು ನಲವತ್ತನೆಯದೋ ಏನೋ. ಆದರೆ ಒಂದು ವಿಷಯ ಹೊಂದುತ್ತಿರಲಿಲ್ಲ.

"ನಿನ್ನೆ ನಿನ್ನ ಫೋನು ಕೆಲಸ ಮಾಡ್ತಿತ್ತಾ?"

"ಮಾಡ್ತಿತ್ತು. ಬೆಳಿಗ್ಗೆ ರಷ್ಯಾದಲ್ಲಿರೋ ನಮ್ಮವರ ಹತ್ತಿರ ಮಾತಾಡಿದೆ. ಆಮೇಲೆ ಫೋನನ್ನ ಗೋಡೆಗೆ ಚಾರ್ಜಿಗೆ ಹಾಕಿ ಕುದುರೆ ಹಾಲು ಕರೆಯೋಕೆ ಹೋದೆ. ಬಂದ ಮೇಲೆ ಸಂಜೆ ಮತ್ತೆ ಮಾತಾಡಿದೆ. ಅದರಲ್ಲೇ, ಸಂದೇಶ ಕಳಿಸೋ ಆಪ್‌ನಲ್ಲೇ."

ಆರು ಅಂಕಿ ಕದ್ದವನು ಖಾತೆಯನ್ನೇ ಕಿತ್ತುಕೊಳ್ಳುತ್ತಾನೆ. ಒಡೆಯ ಹೊರಗೆ ಬೀಳುತ್ತಾನೆ. ಅನಾರ್‌ಕುಲ್ ಹೊರಗೆ ಬಿದ್ದೇ ಇರಲಿಲ್ಲ. ಅಂದರೆ ಕೊಂಡಿಯ ದಾರಿ ತಪ್ಪು. ಯಾರೋ ಅವಳ ಖಾತೆಯನ್ನು ಇನ್ನೊಂದು ಯಂತ್ರಕ್ಕೂ ಜೋಡಿಸಿಕೊಂಡಿದ್ದರು. ಅಲ್ಲಿಂದಲೇ ಬರೆದು, ಬರೆದದ್ದನ್ನೂ ಬಂದ ಉತ್ತರಗಳನ್ನೂ ಅವಳ ಫೋನಿನಲ್ಲಿ ಕಾಣದಂತೆ ಅಲ್ಲಿಂದಲೇ ಅಳಿಸಿದ್ದರು. ಹಾಗೆ ಜೋಡಿಸಲು ದೂರದಿಂದ ಅವಳನ್ನು ಯಾಮಾರಿಸಬೇಕು, ಇಲ್ಲವೇ ಫೋನನ್ನು ಒಂದು ನಿಮಿಷ ಕೈಯಲ್ಲಿ ಹಿಡಿದಿರಬೇಕು.

"ಇತ್ತೀಚೆಗೆ ನಿನ್ನ ಫೋನು ಯಾರ ಕೈಗೆ ಹೋಗಿತ್ತು?"

"ದೊಡ್ಡಕ್ಕ ದಿನಾ ತಗೋತಾರೆ. ಮತ್ತೆ ನುರ್ದಿನ್. ಹೋದ ತಿಂಗಳು ಕಾರ್ಯದ ಮಾತುಕತೆಗೆ ಎಲ್ಲ ಸೇರಿದಾಗ ಹೆಂಗಸರ ಫೋನೆಲ್ಲ ನೋಡಿಕೊಟ್ಟ. ಮೋಸಗಾರರು ಒಳಗೆ ಬರದ ಹಾಗೆ ಬೀಗ ಹಾಕ್ತೀನಿ ಅಂತ."

ನುರ್ದಿನ್ ಎಂದರೆ ಸೋರನ್‌ಬಾಯ್‌ನ ತಂಗಿ ಉಲ್ಕಾನ್‌ಳ ಮಗ. ನರಿನ್‌ನಲ್ಲಿ ಅವನದೊಂದು ಫೋನ್ ಅಂಗಡಿ ಇತ್ತು.

* * *

ಉಲ್ಕಾನ್ ಪಕ್ಕದ ಬೀದಿಯಲ್ಲೇ ಇದ್ದಳು. ಒಂದು ಹಸು, ಎರಡು ಕೋಣೆ. ಕನಿಶಾಯ್ ಕೂರುವ ಮೊದಲೇ ಬೈಗುಳ ಶುರುವಾಯಿತು.

"ಆ ಕಿರಿಯ ಸೊಸೆಗೆ ಕೊಬ್ಬು. ಮೂವತ್ತೊಂದು ಮನೆಗೆ ಕೇಳಿದ್ಲು, ನನ್ನನ್ನ ಕೇಳಲಿಲ್ಲ. ಸತ್ತವರು ನನ್ನಪ್ಪ. ದೂರದ ಬೀಗರಿಗೆಲ್ಲ ಸಂದೇಶ, ಹೆತ್ತ ಮಗಳಿಗೆ ಇಲ್ಲ. ಇವಳ ಹತ್ತಿರ ಏನಿದೆ ಅಂತ ತಾನೇ?"

"ನಿಮಗೆ ಸಂದೇಶ ಓದೋಕೆ ಬರುತ್ತಾ?"

"ಯಾಕೆ ಬರಲ್ಲ? ಮಗ ಕೊಡಿಸಿದ ಫೋನು." ಉಲ್ಕಾನ್ ಅದನ್ನು ಎದೆಗೆ ಒತ್ತಿಕೊಂಡಳು. "ಕೇಳಿದ್ರೆ ಹಸು ಮಾರಿಯಾದ್ರೂ ಕೊಡ್ತಿದ್ದೆ."

ಕನಿಶಾಯ್ ಫೋನು ನೋಡಿದಳು. ಅನಾರ್‌ಕುಲ್‌ಳ ಖಾತೆಯಿಂದ ಹಿಂದೊಮ್ಮೆ ಹಬ್ಬದ ಶುಭಾಶಯ ಬಂದಿತ್ತು. ಕುದುರೆಯ ಮಾತಿರಲಿಲ್ಲ. ಅವಳು ಜೀಪು ಹತ್ತಿದಳು. ನರಿನ್‌ಗೆ ಗಾಡಿ ತಿರುಗಿಸಿದಳು.

ಮೂವತ್ತೈದರ ನುರ್ದಿನ್ ನಗುಮುಖದವನು. ಅಂಗಡಿಯ ಗೋಡೆಗೆ ಅವನೇ ಬರೆದ ಹಾಳೆ: ಅಂಕಿಗಳನ್ನು ಯಾರಿಗೂ ಹೇಳಬೇಡಿ.

"ನಾನು ಹೇಳಿ ಹೇಳಿ ಸಾಕಾಯ್ತು ಅಕ್ಕ," ಎಂದ. "ಕೊಂಡಿ ಒತ್ತಬೇಡಿ ಅಂದ್ರೆ ಒತ್ತೋದೇ. ಸೋರನ್‌ಬಾಯ್ ಮಾವನಿಗೆ ಎಂಥ ಅವಮಾನ. ಭಾನುವಾರ ಜನದ ಮುಖ ಹೇಗೆ ನೋಡ್ತಾರೆ?"

"ನಾಳೆ ಬಾ. ಎಲ್ಲರ ಎದುರಿಗೆ ಈ ಮೋಸದ ವಿಷಯ ಸ್ವಲ್ಪ ಬಿಡಿಸಿ ಹೇಳುವಿಯಂತೆ. ಕಂಪ್ಯೂಟರ್ ನಾನು ತಗೊಂಡು ಹೋಗ್ತೀನಿ."

ನಗು ಒಂದು ಗಳಿಗೆ ತಡೆಯಿತು. "ಅದು ಯಾಕೆ?"

"ಫೋನು ಮುಟ್ಟಿದವರದ್ದೆಲ್ಲ ತಗೊಳ್ತಿದ್ದೀನಿ."

* * *

ಶುಕ್ರವಾರ ನೆಲಕ್ಕೆ ಹಾಸಿದ ಊಟದ ಬಟ್ಟೆಯ ಸುತ್ತ ಮನೆಯವರು, ಉಲ್ಕಾನ್ ಮತ್ತು ನುರ್ದಿನ್ ಕುಳಿತರು. ಅನಾರ್‌ಕುಲ್ ಬಾಗಿಲ ಹತ್ತಿರವೇ ನಿಂತಿದ್ದಳು. ಕನಿಶಾಯ್ ಸಂದೇಶವನ್ನು ಗಟ್ಟಿಯಾಗಿ ಓದಿದಳು.

"ಸೋರನ್‌ಬಾಯ್ ಭಾವ ಒಂದೇ ಕುದುರೆ ತಂದಿದ್ದಾರೆ. ಇಷ್ಟು ಜನಕ್ಕೆ ಸಾಲದು. ಅವರಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ. ಇವತ್ತೇ ಈ ಹೊಸ ನಂಬರಿಗೆ ಐದು ಸಾವಿರ ಕಳಿಸಿ."

ಓದಿ ಸುತ್ತ ನೋಡಿದಳು. "ಅವಸರ. ಗುಟ್ಟು. ಹೊಸ ನಂಬರು. ಮೂರೂ ಇದ್ದವು. ಒಬ್ಬರಾದರೂ ಫೋನ್ ಮಾಡಿ ಕೇಳಬಾರದಿತ್ತೇ?"

"ಸತ್ತವರ ಕಾರ್ಯಕ್ಕೆ ಕೊಡೋವಾಗ ಯಾಕೆ ಏನು ಅಂತ ಕೇಳ್ತಾರಾ ತಂಗಿ?" ಎಂದ ಸೋರನ್‌ಬಾಯ್.

"ಕೇಳಲ್ಲ. ಬರೆದವನಿಗೂ ಅದು ಗೊತ್ತಿತ್ತು. ಒಂದೇ ಕುದುರೆ ಇದೆ ಅನ್ನೋದೂ ಗೊತ್ತಿತ್ತು. ಹಾಗಾಗಿ ಹೊರಗಿನವನಲ್ಲ." ಅವಳು ಬೆರ್ಮೆತ್ ಕಡೆ ತಿರುಗಿದಳು. "ನಿನ್ನೆ ನಿಮ್ಮ ಯಜಮಾನರ ಹೆಸರನ್ನ ಬಾಯಲ್ಲಿ ಹೇಳಲಿಲ್ಲ, ಬರೆದುಕೊಟ್ರಿ."

"ನೀವು ಕೇಳಿದ್ರಿ ಅಂತ. ಇಲ್ಲದಿದ್ರೆ ಅದೂ ಬರೆಯಲ್ಲ."

"ಮತ್ತೆ ಓರಗಿತ್ತಿ?"

"ಅವಳೆಲ್ಲಿ? ಮದುವೆಯಾಗಿ ಒಂಬತ್ತು ವರ್ಷ ಆಯ್ತು. ಅವಳ ಬಾಯಲ್ಲಿ ಆ ಹೆಸರು..." ಬೆರ್ಮೆತ್ ಅಲ್ಲಿಗೇ ನಿಂತಳು. ಸಂದೇಶದ ಮೊದಲ ಮಾತು ಅವಳಿಗೆ ಈಗ ಕೇಳಿಸಿತ್ತು.

"ಮೂವತ್ತೊಂದು ಮನೆಯವರು ಓದಿದ್ರು," ಎಂದಳು ಕನಿಶಾಯ್. "ಕಣ್ಣಿಗೆ ಬಿದ್ದದ್ದು ಕುದುರೆ ಮಾತ್ರ. ಈ ಮನೆಯ ಸೊಸೆಯರು ಯಾರೂ ಇದನ್ನ ಬರೆದಿಲ್ಲ. ಆ ಹೆಸರನ್ನ ದಿನಾ ಬಾಯ್ತುಂಬ ಕರೆಯೋ ಯಾರೋ ಬರೆದಿದ್ದಾರೆ. ತಾವು ಕರೆಯೋ ಮಾವ ಅನ್ನೋದನ್ನ ನೆನಪಿಟ್ಟು ಭಾವ ಅಂತ ಬದಲಾಯಿಸಿದ್ರು. ಹೆಸರು ತೆಗೆಯೋದು ಮರೆತರು."

ನುರ್ದಿನ್ ನಕ್ಕ. "ಮಾವ ಅಂತ ಕರೆಯೋರು ಎಷ್ಟು ಜನ ಇಲ್ಲ?"

"ಇದ್ದಾರೆ. ಅದಕ್ಕೇ ಎಣಿಸಿದೆ. ಅನಾರ್‌ಕುಲ್ ಫೋನಿನಲ್ಲಿ ಈ ಮನೆ ಬಿಟ್ಟು ಬಳಗದವರು ಮೂವತ್ತೆರಡು ಮನೆ. ಸಂದೇಶ ಹೋದದ್ದು ಮೂವತ್ತೊಂದಕ್ಕೆ. ಕಳ್ಳ ಯಾರನ್ನೂ ಬಿಡಲ್ಲ. ಇವನು ಒಬ್ಬರನ್ನ ಬಿಟ್ಟ. ಯಾರನ್ನ ಕೇಳಿದ್ರೆ ಹಸು ಮಾರಿಯಾದ್ರೂ ಕೊಡ್ತಾರೋ ಅವರನ್ನ." ಅವಳು ನುರ್ದಿನ್‌ನತ್ತ ನೋಡಿದಳು. "ನಿನ್ನ ಕಂಪ್ಯೂಟರಿನಲ್ಲಿ ಏನು ಅಳಿಸಿದ್ದೀಯ, ಏನು ಉಳಿದಿದೆ ಅಂತ ಇಲಾಖೆಯವರು ನೋಡ್ತಾರೆ. ನನಗೆ ಆ ಮೂವತ್ತೆರಡನೇ ಫೋನೇ ಸಾಕಿತ್ತು."

ಉಲ್ಕಾನ್ ತನ್ನ ಫೋನನ್ನು ಬಟ್ಟೆಯ ಮೇಲಿಟ್ಟು ಮಗನ ಮುಂದಕ್ಕೆ ತಳ್ಳಿದಳು.

"ನಾನು ಆ ಹುಡುಗಿಗೆ ಎರಡು ದಿನ ಶಾಪ ಹಾಕಿದೆ," ಎಂದಳು. "ಹೇಳು."

ನುರ್ದಿನ್ ಮುಖ ತಗ್ಗಿಸಿದ. "ಅಂಗಡಿ ಬಾಡಿಗೆ ಆರು ತಿಂಗಳಿಂದ ನಿಂತಿತ್ತು ಅಮ್ಮ." ಬಳಿಕ ಸೋರನ್‌ಬಾಯ್‌ಗೆ, "ಸೋದರಳಿಯ ಮಾವನ ಮನೆಯಿಂದ ಕೇಳದೆ ತಗೊಳ್ಳಬಹುದು ಅಂತ ನೀನೇ ಹೇಳ್ತಿದ್ದೆಯಲ್ಲ ಮಾವ. ಪದ್ಧತಿ."

"ಹೌದು," ಎಂದ ಸೋರನ್‌ಬಾಯ್. "ಹಗಲಲ್ಲಿ ಬಂದು ಲಾಯದ ಒಳ್ಳೆ ಕುದುರೆ ಬಿಚ್ಚಿಕೊಂಡು ಹೋಗಿದ್ರೆ ನಾನೇ ಜೀನು ಬಿಗಿದು ಕೊಡ್ತಿದ್ದೆ. ನೀನು ಈ ಮನೆ ಸೊಸೆಯ ಹೆಸರು ತಗೊಂಡು ಹೋದೆ."

ಕನಿಶಾಯ್ ನುರ್ದಿನ್‌ನನ್ನು ಜೀಪಿಗೆ ಹತ್ತಿಸಿದಳು. ಕಾಗದಗಳಿಗಾಗಿ ಮತ್ತೆ ಒಳಗೆ ಬಂದಳು. ಬೆರ್ಮೆತ್ ಚಹಾ ಹಾಕಲು ಗಂಡನ ಬಟ್ಟಲಿಗೆ ಕೈ ಚಾಚಿದಳು. ಸೋರನ್‌ಬಾಯ್ ಕೊಡಲಿಲ್ಲ. ಎದ್ದು ಬಾಗಿಲವರೆಗೆ ನಡೆದು, ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಅನಾರ್‌ಕುಲ್‌ಗೆ ಚಾಚಿದ.

ಅವಳು ತಲೆವಸ್ತ್ರ ಸರಿಪಡಿಸಿಕೊಂಡಳು. ಬಟ್ಟಲು ತೆಗೆದುಕೊಂಡಳು. ಚಹಾ ಹಾಕಿ, ಮೊದಲು ಉಲ್ಕಾನ್‌ಳ ಮುಂದೆ ಇಟ್ಟಳು.